ಪ್ರಾಕ್ಟೀಸ್ ಜಾಸ್ತಿ ಆದಷ್ಟೂ ಗಾಲ್ಫ್ ಬೇಜಾರಾಗುತ್ತಿದೆ, ನಿಮಗೂ ಹೀಗಾಗಿದೆಯಾ?

ಆಲ್ದೂರು ರೋಬಸ್ಟಾ · ಏಪ್ರಿಲ್ 14

ಎಲ್ಲರಿಗೂ ನಮಸ್ಕಾರ. ಇದು ಸ್ವಿಂಗ್ ಬಗ್ಗೆ ಪ್ರಶ್ನೆ ಅಲ್ಲ, ಸ್ವಲ್ಪ ಗೋಳು. ಪುರುಸೊತ್ತು ಇದ್ದವರು ಓದಿ.

ನನಗೆ 47. ಆಲ್ದೂರು ಕಡೆ ತೋಟ. ಆರು ವರ್ಷದ ಹಿಂದೆ ಸ್ನೇಹಿತರು ಚಿಕ್ಕಮಗಳೂರಿನ ಕೋರ್ಸ್‌ಗೆ ಎಳೆದುಕೊಂಡು ಹೋಗಿ ಕೈಗೊಂದು ಸ್ಟಿಕ್ ಕೊಟ್ಟರು. ಮೊದಲ ಎರಡು ವರ್ಷ ನನ್ನ ಬಾಲ್ ಎಲ್ಲಿ ಹೋಗುತ್ತದೆ ಅಂತ ದೇವರಿಗೂ ಗೊತ್ತಿರಲಿಲ್ಲ. ಆದರೂ ಭಾನುವಾರ ಬಂತೆಂದರೆ ಐದು ಗಂಟೆಗೇ ಎಚ್ಚರ. ನಾವು ನಾಲ್ಕು ಜನ, ಸುತ್ತ ಮಂಜು, ಆಟ ಮುಗಿದ ಮೇಲೆ ಪೇಟೆಯಲ್ಲಿ ಬೆಣ್ಣೆ ದೋಸೆ. ಸ್ಕೋರ್ 110 ಹೊಡೆತ ಆದರೂ ನಗುತ್ತಲೇ ಮನೆಗೆ ಬರುತ್ತಿದ್ದೆ.

ಆಮೇಲೆ ಹ್ಯಾಂಡಿಕ್ಯಾಪ್ (ಎಷ್ಟು ಹೊಡೆತ ರಿಯಾಯಿತಿ ಅನ್ನೋ ಅಂಕಿ, ಕಡಿಮೆ ಆದಷ್ಟೂ ಒಳ್ಳೆಯದು) ಅನ್ನೋ ಹುಳ ತಲೆಗೆ ಹೊಕ್ಕಿತು. 24 ಇದ್ದದ್ದು 19ಕ್ಕೆ ಬಂತು. ಅಲ್ಲಿಗೆ ಸುಮ್ನೆ ಇರಬಹುದಿತ್ತು. ಇರಲಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಎರಡು ಕಂಬ ನೆಟ್ಟು, ನರ್ಸರಿಗೆ ತಂದಿದ್ದ ಶೇಡ್ ನೆಟ್ ಕಟ್ಟಿದೆ. ದಿನಾ ಸಂಜೆ ನೂರು ಬಾಲ್. ರಾತ್ರಿ ಮೊಬೈಲ್‌ನಲ್ಲಿ ವಿಡಿಯೋ. ಒಬ್ಬ ಎಡಗೈ ನೇರ ಇಡಿ ಅನ್ನುತ್ತಾನೆ. ಇನ್ನೊಬ್ಬ ಎಡಗೈ ಬಿಡಿ, ಸೊಂಟ ನೋಡಿ ಅನ್ನುತ್ತಾನೆ. ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಒಂದು ದಿನ "ಅಣ್ಣ, ಆ ನೆಟ್ ಮೇಲೆ ಏನಾದ್ರೂ ಸಿಟ್ಟಿದೆಯಾ?" ಅಂತ ಕೇಳಿದ.

ಹ್ಯಾಂಡಿಕ್ಯಾಪ್ 17ಕ್ಕೆ ಇಳಿಯಿತು. ಒಂದು ತಿಂಗಳು ಕಾಲು ನೆಲದ ಮೇಲಿರಲಿಲ್ಲ. ಈಗ ಮತ್ತೆ 20. ಪ್ರಾಕ್ಟೀಸ್ ಮಾತ್ರ ಮೊದಲಿಗಿಂತ ಜಾಸ್ತಿ. ಹೋದ ಭಾನುವಾರ ಹನ್ನೆರಡನೇ ಹೋಲ್‌ನಲ್ಲಿ ಮೂರು ಚಿಪ್ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲಿಗೆ, ಅಂದರೆ ಗ್ರೀನ್‌ಗೆ, ಹತ್ತಿರದಿಂದ ಎತ್ತಿ ಹಾಕುವ ಪುಟ್ಟ ಹೊಡೆತ) ಒಂದರ ಹಿಂದೆ ಒಂದು ಕೆಟ್ಟವು. ಬ್ಯಾಗ್ ಎತ್ತಿಕೊಂಡು ವಾಪಸ್ ನಡೆದುಬಿಟ್ಟೆ. ಜೊತೆಗಿದ್ದ ಮೂವರೂ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು. ಈ ವಾರ ಯಾರ ಫೋನೂ ಬಂದಿಲ್ಲ.

ಪ್ರಾಕ್ಟೀಸ್ ಬಿಟ್ಟುಬಿಡಲಾ? ಬಿಟ್ಟರೆ ಆಟ ಇನ್ನೂ ಹಾಳಾಗಲ್ವಾ?

ಬೇಲೂರು ಬೋಗಿ · ಏಪ್ರಿಲ್ 14

ಮೊದಲು ಆ ಮೂವರಿಗೆ ನೀವೇ ಫೋನ್ ಮಾಡಿ. ದೋಸೆ ನಿಮ್ಮದು ಅಂತ ಹೇಳಿ. ಉಳಿದದ್ದು ಆಮೇಲೆ.

ಬೇಲೂರು ಬೋಗಿ · ಏಪ್ರಿಲ್ 14

ತಮಾಷೆ ಬಿಟ್ಟು ಒಂದು ಮಾತು. ನೀವು ಯಾವಾಗಲೂ ಒಟ್ಟು ಹೊಡೆತ ಎಣಿಸುತ್ತೀರಾ? ಹಾಗಿದ್ದರೆ ಒಂದು ತಿಂಗಳು ಸ್ಟೇಬಲ್‌ಫರ್ಡ್ ಅನ್ನೋ ಪಾಯಿಂಟ್ ಲೆಕ್ಕದಲ್ಲಿ ಆಡಿ ನೋಡಿ. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತ) ಬಂದರೆ 2 ಪಾಯಿಂಟ್, ಒಂದು ಹೊಡೆತ ಜಾಸ್ತಿ ಆದರೆ 1, ಒಂದು ಕಡಿಮೆ ಆದರೆ 3. ಎರಡು ಜಾಸ್ತಿಯಾದರೂ ಸೊನ್ನೆ, ಏಳು ಜಾಸ್ತಿಯಾದರೂ ಅದೇ ಸೊನ್ನೆ. ಒಂದು ಹೋಲ್ ಕೆಟ್ಟಿತಾ, ಬಾಲ್ ಜೇಬಿಗೆ ಹಾಕಿ ಮುಂದಿನ ಹೋಲ್ ಶುರುವಾಗುವ ಟೀಗೆ ನಡೆಯಿರಿ. ಇದನ್ನು ಕಂಡುಹಿಡಿದವರು ಫ್ರಾಂಕ್ ಸ್ಟೇಬಲ್‌ಫರ್ಡ್ ಅನ್ನೋ ಡಾಕ್ಟರು. 1932ರಲ್ಲಿ ಇಂಗ್ಲೆಂಡಿನ ವಾಲಸೀ ಕ್ಲಬ್‌ನಲ್ಲಿ ಈ ಲೆಕ್ಕದ ಪಂದ್ಯ ಶುರುವಾಯಿತು. ಮೊದಲ ಒಂದೆರಡು ಹೋಲ್ ಹಾಳಾದವರು ಇಡೀ ದಿನ ಮುಖ ಊದಿಸಿಕೊಂಡು ಆಡಬಾರದು ಅನ್ನೋದೇ ಉದ್ದೇಶ. ಅಂದರೆ ನಿಮ್ಮ ಕಾಯಿಲೆಗೆ ತೊಂಬತ್ತು ವರ್ಷದ ಹಿಂದೆಯೇ ಡಾಕ್ಟರು ಮದ್ದು ಬರೆದಾಗಿದೆ.

ನಿಮ್ಮ ಹನ್ನೆರಡನೇ ಹೋಲ್ ಸ್ಟೇಬಲ್‌ಫರ್ಡ್‌ನಲ್ಲಿ ಬರೀ ಒಂದು ಸೊನ್ನೆ. ಇನ್ನೂ ಆರು ಹೋಲ್ ಉಳಿದಿತ್ತಲ್ಲ ಮಾರಾಯರೇ.

ಸಿಂಗಲ್ ಡಿಜಿಟ್ · ಏಪ್ರಿಲ್ 15

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಸ್ಕೋರ್ ಮರೆತುಬಿಡಿ, ಮಜಾ ಮಾಡಿ" ಅನ್ನೋದು ಸುಲಭ. ಬಂಕರ್‌ನ ಮರಳು ಗುಂಡಿಯಿಂದ ಬಾಲ್ ಹೊರಗೆ ತೆಗೆಯಲು ಬಾರದವನಿಗೆ ಯಾವ ಮಜಾ? ನನ್ನ ಹ್ಯಾಂಡಿಕ್ಯಾಪ್ 8. ಅದು ಆಕಾಶದಿಂದ ಬೀಳಲಿಲ್ಲ. ಬೆಳಿಗ್ಗೆ ಯಾರೂ ಇಲ್ಲದ ಹೊತ್ತಿನಲ್ಲಿ ಒಬ್ಬನೇ ನಿಂತು ಬಾಲ್ ಹೊಡೆಯೋದು ನನಗೆ ಪಂದ್ಯಕ್ಕಿಂತ ಇಷ್ಟ.

ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ ಕಥೆ ಎಲ್ಲರಿಗೂ ಗೊತ್ತಿರಬಹುದು. 1949ರಲ್ಲಿ ಅವರ ಕಾರಿಗೆ ಬಸ್ ಗುದ್ದಿತು. ಮತ್ತೆ ನಡೆದಾಡುತ್ತಾರೋ ಇಲ್ಲವೋ ಅನ್ನುವ ಸ್ಥಿತಿ. 1950ರ ಜೂನ್‌ನಲ್ಲಿ ಅದೇ ಕಾಲಿನಲ್ಲಿ ಯುಎಸ್ ಓಪನ್ ಗೆದ್ದರು. ಆ ಮನುಷ್ಯನಿಗೆ ಪ್ರಾಕ್ಟೀಸೇ ಹಬ್ಬ. ಕಷ್ಟಪಡೋದನ್ನೇ ಕಾಯಿಲೆ ಅಂತ ಕರೆಯೋದು ಬೇಡ.

ನಿವೃತ್ತ ಮೇಷ್ಟ್ರು, ಹಾಸನ · ಏಪ್ರಿಲ್ 15

ಸಿಂಗಲ್ ಡಿಜಿಟ್ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ನಿಮಗೆ ಪ್ರಾಕ್ಟೀಸ್ ಸೇರುತ್ತದೆ, ಹಾಗಾಗಿ ಅದು ಭಾರ ಅನ್ನಿಸುವುದಿಲ್ಲ. ಆದರೆ ಹೋಗನ್ ಹೆಸರು ಹೇಳಿದ ಮೇಲೆ ಬಾಬಿ ಜೋನ್ಸ್ ಹೆಸರನ್ನೂ ಹೇಳಬೇಕು. 1930ರಲ್ಲಿ ಆ ಕಾಲದ ನಾಲ್ಕೂ ದೊಡ್ಡ ಪಂದ್ಯ ಒಂದೇ ವರ್ಷ ಗೆದ್ದು, 28ನೇ ವಯಸ್ಸಿಗೆ ಸಾಕು ಅಂತ ನಿವೃತ್ತಿ ತೆಗೆದುಕೊಂಡರು. ವೃತ್ತಿಯಿಂದ ವಕೀಲರು, ಪಂದ್ಯ ಆಡಿದಷ್ಟು ದಿನವೂ ದುಡ್ಡಿಗೆ ಆಡದ ಅಮೆಚೂರ್. ಇಬ್ಬರ ಗುಣ ಬೇರೆ ಬೇರೆ.

ನಾನು ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಕಬಡ್ಡಿ, ವಾಲಿಬಾಲ್. ಗಾಲ್ಫ್ ಹಿಡಿದದ್ದು ನಿವೃತ್ತಿಯಾದ ಮೇಲೆ, ಅಳಿಯನ ಸಹವಾಸದಿಂದ. ಆಲ್ದೂರಿನವರ ಕಷ್ಟ ಪ್ರಾಕ್ಟೀಸ್ ಜಾಸ್ತಿ ಆಗಿದ್ದಲ್ಲ. ಯಾವ ಥರ ಮಾಡುತ್ತಿದ್ದಾರೆ ಅನ್ನೋದರಲ್ಲಿದೆ ಅಂತ ನನಗನ್ನಿಸುತ್ತದೆ.

ಸಾರ್, ನಿಜ ಹೇಳಿ. ಆ ನೂರು ಬಾಲ್‌ನಲ್ಲಿ ಎಷ್ಟು ಒಂದೇ ಸ್ಟಿಕ್‌ನಲ್ಲಿ ಹೊಡೆಯುತ್ತೀರಿ?

ಆಲ್ದೂರು ರೋಬಸ್ಟಾ · ಏಪ್ರಿಲ್ 15

7 ಐರನ್‌ನಲ್ಲಿ ಐವತ್ತು, ಡ್ರೈವರ್‌ನಲ್ಲಿ ಐವತ್ತು. ಇಪ್ಪತ್ತು ಬಾಲ್ ಆದ ಮೇಲೆ ಸದ್ದು ಕೇಳಬೇಕು ಸಾರ್, ಗಂಟೆ ಹೊಡೆದ ಹಾಗೆ. ಭಾನುವಾರ ಆ ಸದ್ದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು, ಹಾಸನ · ಏಪ್ರಿಲ್ 15

ನಾನು ಅಂದುಕೊಂಡದ್ದು ಇದನ್ನೇ. 1979ರಲ್ಲಿ ಅಮೆರಿಕದಲ್ಲಿ ಶೇ ಮತ್ತು ಮೋರ್ಗನ್ ಅನ್ನೋ ಇಬ್ಬರು ಒಂದು ಪ್ರಯೋಗ ಮಾಡಿದರು. ಕೈಯಲ್ಲಿ ಟೆನಿಸ್ ಬಾಲ್ ಹಿಡಿದು ಮರದ ಹಲಗೆಗಳನ್ನು ಬೇಗ ಬೀಳಿಸುವ ಕೆಲಸ. ಬೀಳಿಸುವ ಕ್ರಮ ಮೂರು ಥರ. ಒಂದು ಗುಂಪು ಒಂದು ಥರದ್ದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಮೂರನ್ನೂ ಕಲಸಿ ಕೊಟ್ಟರು. ಕಲಿಯುವಾಗ ಮೊದಲ ಗುಂಪೇ ಚುರುಕು. ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಕಲಸಿ ಕಲಿತವರೇ ಮುಂದೆ. ಆಮೇಲೆ ಇಂಥ ಪ್ರಯೋಗ ಬಹಳ ನಡೆದಿವೆ. ಹೊಸಬರಿಗೆ, ಕಷ್ಟದ ಕೌಶಲಕ್ಕೆ ಇದು ಯಾವಾಗಲೂ ಅಷ್ಟು ಚೆನ್ನಾಗಿ ಹೊಂದುವುದಿಲ್ಲ, ನಿಜ. ಆದರೆ ನೀವು ಹೊಸಬರಲ್ಲ.

ಒಂದೇ ಜಾಗದಲ್ಲಿ ನಿಂತು ಇಪ್ಪತ್ತೊಂದನೇ ಬಾಲ್ ಹೊಡೆಯುವಾಗ ನೀವು ಯೋಚನೆ ಮಾಡುತ್ತಿಲ್ಲ. ಕೈ ಹಿಂದಿನ ಹೊಡೆತವನ್ನೇ ಕಾಪಿ ಹೊಡೆಯುತ್ತಿದೆ. ಕೋರ್ಸ್‌ನಲ್ಲಿ ಕಾಪಿ ಮಾಡಲು ಏನಿದೆ? ಡ್ರೈವರ್ ಹೊಡೆದು ಹತ್ತು ನಿಮಿಷ ನಡೆದು, ಇಳಿಜಾರಿನಲ್ಲಿ ನಿಂತು ಬೇರೆ ಸ್ಟಿಕ್ ಹಿಡಿಯಬೇಕು. ಕಣದ ಮೇಲೆ ಕಾಫಿ ಒಂದೇ ಕಡೆ ರಾಶಿ ಹಾಕಿದರೆ ಮೇಲ್ಗಡೆ ಮಾತ್ರ ಒಣಗುತ್ತದೆ, ಅಲ್ವಾ? ನಿಮಗೆ ನಾನು ಹೇಳಬೇಕಾ.

ನೂರು ಬೇಡ, ಮೂವತ್ತು ಹೊಡೆಯಿರಿ. ಪ್ರತಿ ಬಾಲ್‌ಗೂ ಸ್ಟಿಕ್ ಬದಲಿಸಿ. ನೆಟ್ ಮುಂದೆ ನಿಂತು ನಿಮ್ಮ ಕೋರ್ಸ್‌ನ ಮೊದಲ ಹೋಲ್ ಕಣ್ಣ ಮುಂದೆ ತಂದುಕೊಂಡು ಆಡಿ. ಡ್ರೈವರ್, ಆಮೇಲೆ 6 ಐರನ್, ಆಮೇಲೆ ವೆಜ್. ಚೆನ್ನಾಗಿ ಬರುವುದಿಲ್ಲ. ಸದ್ದೂ ಗಂಟೆಯ ಹಾಗಿರುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೂಡಿಗೆರೆ ಪಟ್ಟರ್ · ಏಪ್ರಿಲ್ 16

ಮೇಷ್ಟ್ರೇ, ಹೋಗನ್ ಆಗಲಿ ಜೋನ್ಸ್ ಆಗಲಿ, ಮದುವೆ, ಗೃಹಪ್ರವೇಶ, ಆಳು ಬರಲಿಲ್ಲ, ಮೋಟಾರ್ ಸುಟ್ಟಿತು ಇದರ ಮಧ್ಯೆ ಆಡಿದವರಲ್ಲ. ನನಗೆ ವಾರಕ್ಕೆ ಸಿಗೋದು ಒಂದು ಸುತ್ತು. ಅದೂ ಎಷ್ಟೋ ಸಲ ಒಂಬತ್ತೇ ಹೋಲ್. ಆ ಒಂಬತ್ತರಲ್ಲೂ ಸ್ವಿಂಗ್ ರಿಪೇರಿ ಮಾಡುತ್ತಾ ಕೂತರೆ ಆಡೋದು ಯಾವಾಗ?

2021ರ ಆಗಸ್ಟ್ 7 ನೆನಪಿದೆಯಾ? ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದರು. ನಮ್ಮ ಮನೆಯಲ್ಲಿ ಗಾಲ್ಫ್ ಅಂದರೆ ಮೂಗು ಮುರಿಯುವ ಅತ್ತೆ ಕೂಡ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದರು. "ಆ ಹುಡುಗಿ ಯಾಕೆ ಉಳಿದವರಷ್ಟು ದೂರ ಹೊಡೆಯಲ್ಲ?" ಅಂತ ಕೇಳಿದರು. ಹೊಡೆಯಲ್ಲ. ಆ ವಾರ ದೂರದಲ್ಲಿ ತುಂಬಾ ಹಿಂದೆ ಇದ್ದರು. ಪಟ್ (ಗ್ರೀನ್ ಮೇಲೆ ಬಾಲ್ ಉರುಳಿಸಿ ಹೋಲ್‌ಗೆ ಹಾಕುವ ಹೊಡೆತ) ಮಾತ್ರ ಒಂದಾದ ಮೇಲೊಂದು ಒಳಗೆ. ಕೊನೆಗೆ ನಾಲ್ಕನೇ ಸ್ಥಾನ, ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಅತ್ತೆ ಅವತ್ತು ತಿಂಡಿ ಸರಿಯಾಗಿ ತಿನ್ನಲಿಲ್ಲ.

ಅವತ್ತಿಂದ ನನ್ನ ಪ್ರಾಕ್ಟೀಸ್ ಅಂದರೆ ಹಾಲ್‌ನಲ್ಲಿ ಕಾರ್ಪೆಟ್ ಮೇಲೆ ಪಟ್, ಕುಕ್ಕರ್ ನಾಲ್ಕು ಸೀಟಿ ಹೊಡೆಯೋವರೆಗೆ. ಇನ್ನೊಂದು ವಿಷಯ ಗೊತ್ತಾದ ಮೇಲೆ ನನಗೆ ತುಂಬಾ ಸಮಾಧಾನ ಆಯಿತು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನ ಆಟಗಾರರೇ ಎಂಟು ಅಡಿ ದೂರದ ಪಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ ಹಾಕುತ್ತಾರೆ. ನಾವು ಎಂಟು ಅಡಿಯಿಂದ ತಪ್ಪಿಸಿ ತಲೆ ಚಚ್ಚಿಕೊಳ್ಳುತ್ತೇವೆ!

ಬಿ.ಎಂ. ರೋಡ್ ಲೆಕ್ಕಿಗ · ಏಪ್ರಿಲ್ 16

ಮೇಡಂ, ಪಟ್ಟಿಂಗ್ ಬಗ್ಗೆ ಸಣ್ಣ ತಕರಾರು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿದ್ದಾರೆ. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೂರು ಗಜಕ್ಕಿಂತ ದೂರದ ಹೊಡೆತದಿಂದ ಬರುತ್ತದೆ. ಪಟ್ಟಿಂಗ್ ಪಾಲು ನಾವು ಅಂದುಕೊಂಡಷ್ಟಿಲ್ಲ. (ನಿಮ್ಮ ಅತ್ತೆಯ ಪ್ರಶ್ನೆ ಸರಿಯಾಗಿಯೇ ಇತ್ತು ಅಂತಾಯಿತು.)

ಆಲ್ದೂರಿನವರಿಗೆ ನಾನು ಹೇಳಬೇಕೆಂದದ್ದು ಬೇರೆ. ಸಾರ್, ಹ್ಯಾಂಡಿಕ್ಯಾಪ್ ಅಂದರೆ ನಿಮ್ಮ ಸರಾಸರಿ ಅಂತ ತಿಳಿದುಕೊಂಡಿದ್ದೀರಿ. ಅಲ್ಲ. 2020ರಿಂದ ಬಂದಿರುವ ಪದ್ಧತಿಯಲ್ಲಿ ಕೊನೆಯ 20 ಸುತ್ತಿನಲ್ಲಿ ಚೆನ್ನಾಗಿರುವ 8 ಮಾತ್ರ ಹಿಡಿಯುತ್ತಾರೆ. ಉಳಿದ 12 ಲೆಕ್ಕಕ್ಕೇ ಇಲ್ಲ. ಅಂದರೆ ಆ ಅಂಕಿ ನಿಮ್ಮ ಒಳ್ಳೆಯ ದಿನದ ಅಳತೆ. ಹೆಚ್ಚಿನ ಭಾನುವಾರ ಅದಕ್ಕಿಂತ ಕೆಟ್ಟದಾಗಿಯೇ ಆಡುತ್ತೀರಿ. ಎಲ್ಲರೂ ಹಾಗೇ ಆಡುತ್ತಾರೆ. ನೀವು ಪ್ರತಿ ಭಾನುವಾರ 17ಕ್ಕೆ ಸರಿಯಾಗಿ ಆಡಬೇಕು ಅಂತ ಹೊರಟರೆ, ಐದರಲ್ಲಿ ನಾಲ್ಕು ಸಲ ಸೋತೆ ಅಂತ ಅನ್ನಿಸೋದು ಗ್ಯಾರಂಟಿ.

ಕೆಟ್ಟ ಹೋಲ್‌ಗೂ ಮಿತಿ ಇದೆ. ಪಾರ್ ಮೇಲೆ ಎರಡು, ಜೊತೆಗೆ ಆ ಹೋಲ್‌ಗೆ ನಿಮಗೆ ಸಿಗುವ ರಿಯಾಯಿತಿ ಹೊಡೆತ. ಹ್ಯಾಂಡಿಕ್ಯಾಪ್ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ನೀವು 11 ಹೊಡೆದರೂ ಅಷ್ಟೇ. ಇನ್ನೊಂದು, ಹಿಂದಿನ 12 ತಿಂಗಳ ಅತಿ ಕಡಿಮೆ ಅಂಕಿಗಿಂತ 5ಕ್ಕಿಂತ ಮೇಲೆ ಹೋಗಲು ಅದು ಬಿಡುವುದೇ ಇಲ್ಲ. ಲೆಕ್ಕ ಬರೆದವರಿಗೆ ನಿಮ್ಮ ಮೇಲೆ ಇರುವ ಕರುಣೆ ನಿಮಗೇ ಇಲ್ಲ.

ಸಿಂಗಲ್ ಡಿಜಿಟ್ · ಏಪ್ರಿಲ್ 16

ಲೆಕ್ಕಿಗರೇ, ಈ 20ರಲ್ಲಿ 8ರ ಲೆಕ್ಕ ನನಗೂ ಗೊತ್ತಿರಲಿಲ್ಲ ಅಂದರೆ ನಗಬೇಡಿ. ಹತ್ತು ವರ್ಷದಿಂದ ಆಡುತ್ತಿದ್ದೇನೆ.

ಬ್ಯಾಗ್ ಹೊತ್ತವನು · ಏಪ್ರಿಲ್ 17

ನಾನು ಇಲ್ಲಿ ಜಾಸ್ತಿ ಬರೆಯಲ್ಲ, ಓದುತ್ತಿರುತ್ತೇನೆ. ಒಂದು ಕೋರ್ಸ್‌ನಲ್ಲಿ ಎಂಟು ವರ್ಷ ಕ್ಯಾಡಿ ಆಗಿದ್ದೆ, ಆಡುವವರ ಬ್ಯಾಗ್ ಹೊರುವ ಕೆಲಸ. ಯಾವುದು ಅಂತ ಬೇಡ. ಈಗ ಹಾಸನದಲ್ಲಿ ಬೇರೆ ಕೆಲಸ.

ಇಂಥ ಸಾಹೇಬರುಗಳನ್ನು ನಾವು ಮೊದಲ ಟೀನಲ್ಲೇ ಗುರುತು ಹಿಡಿಯುತ್ತಿದ್ದೆವು. ಒಬ್ಬರು ಇದ್ದರು, ಒಳ್ಳೆಯವರು, ಟಿಪ್ಸ್ ಕೂಡ ಚೆನ್ನಾಗಿ ಕೊಡುತ್ತಿದ್ದರು. ಪ್ರತಿ ಹೊಡೆತಕ್ಕೂ ನನ್ನ ಕೈಗೆ ಮೊಬೈಲ್ ಕೊಟ್ಟು ವಿಡಿಯೋ ಮಾಡಿಸುತ್ತಿದ್ದರು. ಹೊಡೆದು, ವಿಡಿಯೋ ನೋಡಿ, ತಲೆ ಕೊಡವಿ, ಮತ್ತೆ ಗಾಳಿಯಲ್ಲಿ ಎರಡು ಸಲ ಬೀಸಿ ಮುಂದೆ ಹೋಗೋದು. ಹಿಂದಿನ ಗುಂಪಿನವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಾ ನಿಂತಿರುತ್ತಿದ್ದರು. ಒಂದು ದಿನ "ಸಾರ್, ಎಲ್ಲಿಗೆ ಹೊಡೀತೀರಾ?" ಅಂತ ಕೇಳಿದೆ. "ಇರೋ, ಮೊಣಕೈ ನೋಡ್ತಿದೀನಿ" ಅಂದರು. ಎಲ್ಲಿಗೆ ಹೊಡೆಯಬೇಕು ಅಂತ ಅವರು ನೋಡಿರಲೇ ಇಲ್ಲ! ಆ ಸಿಲ್ವರ್ ಓಕ್‌ನ ಎಡಕ್ಕೆ ಹೊಡೀರಿ ಅಂದೆ. ಹೊಡೆದರು. ಅವತ್ತಿನ ಒಳ್ಳೆಯ ಹೊಡೆತ ಅದೇ.

ನಾವು ಕ್ಯಾಡಿ ಹುಡುಗರು ಸಂಜೆ ಮೆಂಬರ್‌ಗಳು ಹೋದ ಮೇಲೆ ಆಡುತ್ತಿದ್ದೆವು. ಐದು ಜನಕ್ಕೆ ಒಂದೇ ಸ್ಟಿಕ್, ಹಿಡಿ ಸವೆದ 7 ಐರನ್. ಅದರಲ್ಲೇ ಡ್ರೈವ್, ಅದರಲ್ಲೇ ಬಂಕರ್, ಅದರಲ್ಲೇ ಪಟ್. ಸೋತವನು ಚುರುಮುರಿ ಕೊಡಿಸಬೇಕು. ಬೇರಿನ ಮೇಲೆ ಬಾಲ್ ಇಟ್ಟು, ಇಲ್ಲಿಂದ ಗ್ರೀನ್ ಮುಟ್ಟಿಸು ನೋಡೋಣ ಅಂತ ಪಂಥ ಕಟ್ಟೋದು. ಪ್ರಾಕ್ಟೀಸ್ ಅಂತ ಯಾರೂ ಕರೆಯಲಿಲ್ಲ. ಅದರಲ್ಲೇ ಕಲಿತದ್ದು. ಬಿಡದಿ ಹತ್ತಿರ ಕ್ಯಾಡಿ ಆಗಿದ್ದ ಚಿಕ್ಕರಂಗಪ್ಪ ಅವರು ಪ್ರೊಫೆಷನಲ್ ಆದರು. ನಾವೆಲ್ಲ ಅವರ ಹೆಸರು ಹೇಳಿಕೊಂಡು ಕನಸು ಕಂಡವರು. ನಾನು ಆಗಲಿಲ್ಲ, ಅದು ಬೇರೆ ಮಾತು.

ಸಾರ್, ನೀವು ಕಣದಲ್ಲಿ ರಿಪೇರಿ ಮಾಡಿ, ಬೇಡ ಅನ್ನಲ್ಲ. ಕೋರ್ಸ್‌ಗೆ ಬಂದ ಮೇಲೆ ಸ್ಪ್ಯಾನರ್ ಕಾರಿನಲ್ಲೇ ಇಟ್ಟು ಬನ್ನಿ.

ನಿವೃತ್ತ ಮೇಷ್ಟ್ರು, ಹಾಸನ · ಏಪ್ರಿಲ್ 17

ನಾನು ಎರಡು ಪುಟ ಬರೆದದ್ದನ್ನು ಇವರು ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು. ತಮ್ಮಾ, ಸ್ಪೇನ್ ದೇಶದ ಸೆವೆ ಬ್ಯಾಲೆಸ್ಟೆರೋಸ್ ಕೂಡ ನಿಮ್ಮ ಹಾಗೇ. ಹುಡುಗನಾಗಿದ್ದಾಗ ಊರಿನ ಕಡಲ ದಂಡೆಯ ಮರಳಿನಲ್ಲಿ ಒಂದೇ 3 ಐರನ್ ಹಿಡಿದು ಕಲಿತವರು. ಮುಂದೆ ಐದು ಮೇಜರ್, ಅಂದರೆ ಅತಿ ದೊಡ್ಡ ಪಂದ್ಯ, ಗೆದ್ದರು. ಹಾಸನದಲ್ಲಿ ಎಲ್ಲಿದ್ದೀರಿ? ಸಿಗೋಣ.

ಸಿಂಗಲ್ ಡಿಜಿಟ್ · ಏಪ್ರಿಲ್ 17

ಸ್ಪ್ಯಾನರ್ ಮಾತು ಒಪ್ಪಿದೆ. ಆದರೆ ಆಲ್ದೂರಿನವರಿಗೆ ಒಂದು ಎಚ್ಚರಿಕೆ. ಆ ಚಿಪ್ ಮೂರು ಸಲ ಕೆಟ್ಟದ್ದು ಮನಸ್ಸಿನ ತೊಂದರೆ ಮಾತ್ರ ಅಂತ ಬಿಡಬೇಡಿ. ನೆಟ್‌ನಲ್ಲಿ ಚಿಪ್ ಕಲಿಯೋಕೆ ಆಗಲ್ಲ, ಬಾಲ್ ಎಲ್ಲಿ ಬೀಳುತ್ತದೆ, ಎಷ್ಟು ಉರುಳುತ್ತದೆ ಅಂತ ಕಾಣೋದೇ ಇಲ್ಲ. ಕೋರ್ಸ್‌ಗೆ ಅರ್ಧ ಗಂಟೆ ಮೊದಲು ಬನ್ನಿ. ಗ್ರೀನ್ ಪಕ್ಕ ಹತ್ತು ಚಿಪ್ ಹೊಡೆಯಿರಿ. ಯಾರಾದರೂ ಗೊತ್ತಿರುವವರಿಗೆ ಒಂದು ಸಲ ತೋರಿಸಿ. ಒಬ್ಬರಿಗೆ, ಹತ್ತು ವಿಡಿಯೋದವರಿಗಲ್ಲ.

ಆಲ್ದೂರು ರೋಬಸ್ಟಾ · ಏಪ್ರಿಲ್ 19

ಎಲ್ಲರಿಗೂ ಥ್ಯಾಂಕ್ಸ್. ಓದಿ ಸ್ವಲ್ಪ ನಾಚಿಕೆಯೂ ಆಯಿತು. ಆ ಮೊಣಕೈ ಸಾಹೇಬರು ನಾನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ದೂರದ ನೆಂಟರಿರಬೇಕು.

ಫೋನ್ ಮಾಡಿದೆ. ಬೈದರು. ದೋಸೆ ಸಾಲದು, ಮಧ್ಯಾಹ್ನದ ಊಟ ಅಂತ ತೀರ್ಮಾನ ಆಗಿದೆ.

ಆಲ್ದೂರು ರೋಬಸ್ಟಾ · ಜುಲೈ 22

ಮಳೆಗಾಲದ ವರದಿ. ಕೋರ್ಸ್ ಪೂರ್ತಿ ನೆನೆದ ಸ್ಪಂಜು. ಹೋದ ವಾರ ಒಂದು ದಿನ ಬಿಡುವು ಕೊಟ್ಟಿತು ಅಂತ ಓಡಿದೆವು. ನನ್ನ ಡ್ರೈವ್ ಫೇರ್‌ವೇಯಲ್ಲಿ ಬಿದ್ದ ಜಾಗದಲ್ಲೇ ಹೂತು ಹೋಯಿತು. ಹೂತ ಬಾಲ್ ಎತ್ತಿ ಪಕ್ಕದಲ್ಲಿ ಡ್ರಾಪ್ ಮಾಡಬಹುದು ಅನ್ನೋ ನಿಯಮ ಇದೆ, ಆದರೆ ಮೊದಲು ಮೂರು ನಿಮಿಷದಲ್ಲಿ ಬಾಲ್ ಸಿಗಬೇಕಲ್ಲ! ಸಿಕ್ಕಿತು. ಜೊತೆಗೆ ಕಾಲಿಗೆ ಇಂಬಳವೂ ಸಿಕ್ಕಿತು.

ನೆಟ್ ಮುಂದೆ ನನ್ನನ್ನು ತಡೆಯಲು ಯಾರೂ ಬೇಕಿಲ್ಲ, ಪಾಚಿಯೇ ನಿಲ್ಲಲು ಬಿಡುತ್ತಿಲ್ಲ. ಮಗ ಕಾಲೇಜಿಂದ ಬಂದಿದ್ದಾನೆ. ಸಂಜೆ ಜಗುಲಿಯಲ್ಲಿ ಹಳೇ ಗೋಣಿ ಚೀಲ ಹಾಸಿ ಪಟ್ ಮಾಡುತ್ತೇವೆ. ಅವನು ಗಾಲ್ಫ್ ಆಡಿದವನೇ ಅಲ್ಲ. ನನ್ನಿಂದ 140 ರೂಪಾಯಿ ಗೆದ್ದಿದ್ದಾನೆ.

ಮೂಡಿಗೆರೆ ಪಟ್ಟರ್ · ಜುಲೈ 22

ಗೋಣಿ ಚೀಲ ಕಾರ್ಪೆಟ್‌ಗಿಂತ ನಿಧಾನ. ಗ್ರೀನ್‌ಗೆ ಬಂದಾಗ ನಿಮ್ಮ ಪಟ್ ಎಲ್ಲಾ ದಾಟಿ ಹೋಗುತ್ತವೆ, ನೋಡಿ.

ಆಲ್ದೂರು ರೋಬಸ್ಟಾ · ಅಕ್ಟೋಬರ್ 27

ಮೇಡಂ ಹೇಳಿದ್ದು ನಿಜವಾಯಿತು. ಮೊದಲ ಮೂರು ಗ್ರೀನ್‌ನಲ್ಲೂ ದಾಟಿತು.

ಈಗ ನಡೆಯುತ್ತಿರೋದು ಹೀಗೆ. ವಾರಕ್ಕೆ ಎರಡು ಸಂಜೆ ನೆಟ್, ಮೂವತ್ತು ಬಾಲ್, ಮೇಷ್ಟ್ರು ಹೇಳಿದ ಹಾಗೆ ಕಲಸಿ. ವಿಡಿಯೋ ನೋಡೋದು ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಶನಿವಾರ ರಾತ್ರಿ ಮಾತ್ರ ನೋಡಲ್ಲ. ಭಾನುವಾರ ಸ್ಟೇಬಲ್‌ಫರ್ಡ್. ತಿಂಗಳಿಗೊಮ್ಮೆ ನಾಲ್ಕೂ ಜನ ಐದೈದೇ ಸ್ಟಿಕ್ ತೆಗೆದುಕೊಂಡು ಹೋಗುತ್ತೇವೆ, ಬ್ಯಾಗ್ ಹೊತ್ತವರು ಹೇಳಿದ ಆಟದ ಮರ್ಯಾದೆಗೆ. 14 ಸ್ಟಿಕ್ ಇದ್ದಾಗ ಬಂದಷ್ಟೇ ಪಾಯಿಂಟ್ ಬರುತ್ತಿದೆ ಅನ್ನೋದು ನಮ್ಮೆಲ್ಲರಿಗೂ ಅವಮಾನ.

ಹ್ಯಾಂಡಿಕ್ಯಾಪ್ 19. ಹೌದು, ಎರಡು ವರ್ಷದ ಹಿಂದೆ ಎಲ್ಲಿದ್ದೆನೋ ಅಲ್ಲೇ. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ, ಸ್ವಲ್ಪ ಇದೆ. ಮೊನ್ನೆ ಹನ್ನೆರಡರಲ್ಲಿ ಮತ್ತೆ ಅದೇ ಜಾಗ, ಅದೇ ಚಿಪ್. ಕೈ ನಡುಗಿತು. ಮೊದಲನೆಯದು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಬಾಲ್ ಜೇಬಿಗೆ ಹಾಕಿಕೊಂಡು ಧ್ವಜ ಹಿಡಿದು ನಿಂತೆ. ನಮ್ಮವನೊಬ್ಬ ಹದಿನೈದು ಅಡಿಯಿಂದ ಪಟ್ ಹಾಕಿ ಕುಣಿದ. ನಾನೂ ಕಿರುಚಿದೆ. ಹದಿಮೂರರಲ್ಲಿ ಪಾರ್ ಬಂತು.

ಸಿಂಗಲ್ ಡಿಜಿಟ್ ಅವರೇ, ಆ ಚಿಪ್ ಒಂದು ಸಲ ನೋಡುತ್ತೀರಾ? ಅರ್ಧ ಗಂಟೆ ಮೊದಲೇ ಬರುತ್ತೇನೆ.

ಸಿಂಗಲ್ ಡಿಜಿಟ್ · ಅಕ್ಟೋಬರ್ 27

ಭಾನುವಾರ ಆರು ಗಂಟೆಗೆ ಗ್ರೀನ್ ಪಕ್ಕ ಇರುತ್ತೇನೆ. ಮೊಬೈಲ್ ತರಬೇಡಿ.

ಬೇಲೂರು ಬೋಗಿ · ಅಕ್ಟೋಬರ್ 27

ನಾನೂ ಬರುತ್ತೇನೆ. ಚಿಪ್‌ಗಲ್ಲ, ಆ ಊಟ ಇನ್ನೂ ಬಾಕಿ ಇದೆ ಅಂತ ನಿಮ್ಮ ಸ್ನೇಹಿತರೊಬ್ಬರು ಹೇಳಿದರು.